ಅಮ್ಮ ಒಗೆದ ಚರ್ಮದ ಚಡ್ಡಿ

ಹೋದ ಅಕ್ಟೋಬರಿನಲ್ಲಿ ಸರಟೋಗಾದ ಮಗಳ ಮನೆಗೆ ಹೋದರೆ, ಬಾಗಿಲು ತೆಗೆದ ಮೊಮ್ಮಗ ಚರ್ಮದ ಚಡ್ಡಿ ಹಾಕಿಕೊಂಡು ನಿಂತಿದ್ದ. ಅವನ ಸ್ಕೂಲಿನಲ್ಲಿ ಏನೋ ಜರ್ಮನ್ ಹಬ್ಬವಂತೆ. ಭುಜದ ಮೇಲೆ ಎರಡು ಪಟ್ಟಿ, ಎದೆಯ ಮೇಲೆ ಒಂದು ಅಡ್ಡಪಟ್ಟಿ, ಅದರ ನಡುವೆ ಪ್ಲಾಸ್ಟಿಕ್ಕಿನ ಜಿಂಕೆ. ಕಾಲಿಗೆ ಹಸಿರು ದೀಪ ಮಿನುಗುವ ಸ್ನೀಕರ್ಸು. ಬ್ಯಾಗು ಕೂಡ ಕೆಳಗಿಡದೆ ನಾನು ಮಾಡಿದ ಮೊದಲ ಕೆಲಸವೆಂದರೆ ಬಗ್ಗಿ ಅವನ ತೊಡೆ ಮೂಸಿದ್ದು.

"ಅಜ್ಜೀ! ವಾಟ್ ಆರ್ ಯು ಡೂಯಿಂಗ್?" ಎಂದು ಅವನು ಹಿಂದಕ್ಕೆ ಹಾರಿದ.

ರಟ್ಟಿನ ಡಬ್ಬದ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಆದರೆ ತೊಡೆಯ ಮೇಲೆ ಅಲ್ಲಲ್ಲಿ ಕಪ್ಪು ಕಲೆ, ಎಣ್ಣೆ ಕುಡಿದಂಥ ಮಿರುಗು. ಹೊಸ ಚಡ್ಡಿಗೆ ಇದೆಲ್ಲಿಂದ ಬಂತು? ಏನು ಚೆಲ್ಲಿಕೊಂಡೆಯೋ ಎಂದು ಕೇಳಿದೆ.

"ಇಟ್ ಕೇಮ್ ಲೈಕ್ ದಟ್, ಅಜ್ಜಿ."

"ಅದು ಡಿಸೈನು ಅಮ್ಮ," ಎಂದಳು ಒಳಗಿನಿಂದ ಮಗಳು ಅನು. "ಹಳೇದರ ಥರ ಕಾಣ್ಲಿ ಅಂತ ಫ್ಯಾಕ್ಟರೀಲೇ ಕಪ್ಪು ಹಚ್ಚಿ ಕೊಡ್ತಾರೆ. ಈಗ ಅದೇ ಫ್ಯಾಷನ್ನು."

ನನಗೆ ನಗು ಬಂತು. ನಗು ಮುಗಿಯುವ ಮೊದಲೇ ಬ್ಯಾಗು ಕೆಳಗಿಟ್ಟು ಅಲ್ಲೇ ಕೂತೆ. ಆ ಕಪ್ಪಿಗಾಗಿ ಹಿಂದೊಮ್ಮೆ ನಮ್ಮ ಮನೆಯಲ್ಲೂ ಪಕ್ಕದ ಮನೆಯಲ್ಲೂ ಎಷ್ಟು ಸಂಕಟವಾಯಿತು ಅನ್ನುವುದು ಇವಳಿಗೆ ಗೊತ್ತಿಲ್ಲ. ಗೊತ್ತಿರುವುದಾದರೂ ಹೇಗೆ, ಆಗ ಇವಳು ತೊಟ್ಟಿಲಲ್ಲಿದ್ದಳು.

ಎಂಬತ್ತೈದರ ಬೇಸಿಗೆ ಅದು. ನಾವಿದ್ದದ್ದು ಸನ್ನಿವೇಲಿನ ಒಂದು ಹಳೆಯ ಅಪಾರ್ಟ್‌ಮೆಂಟಿನ ಕೆಳಗಿನ ಮನೆ. ಹಿಂದೆ ಅಂಗೈಯಗಲದ ಸಿಮೆಂಟು ಪ್ಯಾಟಿಯೋ, ಅದರಾಚೆ ಹಲಗೆ ಬೇಲಿ, ಬೇಲಿಯಾಚೆ ಫ್ರೀವೇ. ಬೆಳಗಿನಿಂದ ಸಂಜೆಯವರೆಗೆ ಊರಿಗೆ ಊರೇ ಆ ದಾರಿಯಲ್ಲಿ ಎಲ್ಲಿಗೋ ಹೋಗುತ್ತಿತ್ತು. ನಾನೊಬ್ಬಳು ತುಂಬು ಬಸುರಿ, ಮಡಿಸುವ ಕುರ್ಚಿಯಲ್ಲಿ ಕೂತು ಆ ಸದ್ದು ಕೇಳುತ್ತಿದ್ದೆ. ಅದಕ್ಕೆ ಮುಂಚೆ ಮಿಲ್ಪಿಟಾಸಿನ ಎಲೆಕ್ಟ್ರಾನಿಕ್ಸ್ ಕಂಪನಿಯೊಂದರಲ್ಲಿ ಮೈಕ್ರೋಸ್ಕೋಪಿನ ಕೆಳಗೆ ಚಿಪ್ ಪರೀಕ್ಷೆ ಮಾಡುವ ಕೆಲಸದಲ್ಲಿದ್ದೆ. ಡಾಕ್ಟರು ಬೇಡವೆಂದರು, ಬಿಟ್ಟೆ. ಕೂತಲ್ಲಿ ಕೂರುವವಳಲ್ಲ ನಾನು, ಹುಟ್ಟುವಾಗಲೇ ಕಾಲಿಗೆ ಚಕ್ರ ಕಟ್ಟಿಕೊಂಡು ಬಂದವಳು ಎಂದು ಮೈಸೂರಿನಲ್ಲಿ ಬೈಸಿಕೊಂಡೇ ಬೆಳೆದವಳು. ಸಾಲದ್ದಕ್ಕೆ ಇವರ ಕಂಪನಿಯಲ್ಲಿ ಆ ವರ್ಷ ಜನರನ್ನು ತೆಗೆಯುತ್ತಿದ್ದರು. ಶುಕ್ರವಾರ ಬಂತೆಂದರೆ ಇವರು ತಿಂಡಿ ಮುಟ್ಟದೆ ಹೋಗುತ್ತಿದ್ದರು, ನಾನು ಫೋನಿನ ಸುತ್ತ ಸುತ್ತುತ್ತಿದ್ದೆ. ಊರಿಗೆ ವಾಪಸು ಹೋಗುವುದೋ ಇಲ್ಲಿಯೇ ಇರುವುದೋ, ಯಾವುದೂ ಗೊತ್ತಿಲ್ಲದ ವರ್ಷ.

ಪಕ್ಕದ ಮನೆಯಲ್ಲಿ ಎರ್ವಿನ್ ಇದ್ದ. ಪಾಲೋ ಆಲ್ಟೋದಲ್ಲಿ ಇಂಜಿನಿಯರು, ನಲವತ್ತು ದಾಟಿದವನು, ದಕ್ಷಿಣ ಜರ್ಮನಿಯ ಒಂದು ಬೆಟ್ಟದ ಹಳ್ಳಿಯವನು. ಹೆಂಡತಿ ಬೇರೆಯಾಗಿ ಲಾಸ್ ಏಂಜಲೀಸಿನಲ್ಲಿದ್ದಳು. ಒಂಬತ್ತು ವರ್ಷದ ಮಗ ಟೋಬಿ ಇವನ ಜೊತೆಗಿದ್ದ. ಅಪ್ಪ ಆಫೀಸಿನಿಂದ ಬರುವವರೆಗೆ ಹುಡುಗ ನಮ್ಮ ಮನೆಯಲ್ಲೇ ಇರುತ್ತಿದ್ದ. ನನಗೂ ಒಂದು ಜೀವ ಎದುರಿಗೆ ಓಡಾಡಿಕೊಂಡಿದ್ದರೆ ಸಾಕಾಗಿತ್ತು.

ಜುಲೈಯ ಒಂದು ಸಂಜೆ ಅಪ್ಪ ಮಗನ ಜಗಳ ಗೋಡೆ ದಾಟಿ ಬಂತು. ಟೋಬಿ ಧಡಧಡನೆ ನಮ್ಮ ಪ್ಯಾಟಿಯೋಗೆ ಓಡಿ ಬಂದು ನನ್ನ ಕುರ್ಚಿಯ ಹಿಂದೆ ನಿಂತ. ಅವನ ಹಿಂದೆಯೇ ಎರ್ವಿನ್ ಬಂದ, ಕೈಯಲ್ಲಿ ಒಲೆಯ ಹಿಂದಿನ ಗೋಡೆಯಷ್ಟು ಕಪ್ಪಗಿನ ಒಂದು ಚಡ್ಡಿ. ಮುಟ್ಟಿ ನೋಡಿದರೆ ಬಟ್ಟೆಯಲ್ಲ. ಅವರ ಕಡೆ ಅದಕ್ಕೆ ಲೇಡರ್‌ಹೋಸನ್ ಎನ್ನುತ್ತಾರೆ ಎಂದು ಅವನೇ ಹೇಳಿದ.

"ಇದನ್ನ ವರ್ಷಕ್ಕೆ ಎಷ್ಟು ಸಲ ಒಗೀತೀರಿ?" ಎಂದು ಕೇಳಿದೆ. ಮಾತು ಮುಂದುವರಿಸಲು ಕೇಳಿದ್ದು, ಅಷ್ಟೇ.

"ಒಗೆಯೋದಾ?" ಅವನು ಬೆಚ್ಚಿಬಿದ್ದ. "ಇದಕ್ಕೆ ಮೂವತ್ತು ವರ್ಷದ ಮೇಲಾಯಿತು. ಒಂದು ಸಲವೂ ನೀರು ಕಂಡಿಲ್ಲ."

ಆಮೇಲೆ ಕೂತು ಹೇಳಿದ. ಹೇಳುವಾಗಲೂ ಕೂತಲ್ಲಿ ಕೂರಲಿಲ್ಲ, ಪ್ಯಾಟಿಯೋದ ಒಂದು ತುದಿಯಿಂದ ಇನ್ನೊಂದಕ್ಕೆ ನಡೆಯುತ್ತಿದ್ದ. ಇವನು ಚಿಕ್ಕವನಿದ್ದಾಗ ಅವರ ಹಳ್ಳಿಯಲ್ಲಿ ಹುಡುಗರೆಲ್ಲರಿಗೂ ಇದೇ ಚಡ್ಡಿ. ಸ್ಕೂಲಿಗೂ ಇದೇ, ಮರ ಹತ್ತುವುದಕ್ಕೂ ಇದೇ. ಚಳಿಗೆ ಒಳಗೆ ಉದ್ದ ಕಾಲುಚೀಲ ಬಿಗಿದುಕೊಂಡರೆ ಆಯಿತು. ಹೊಸ ಚಡ್ಡಿ ಹಾಕಿಕೊಂಡವನಿಗೆ ಮರ್ಯಾದೆಯಿಲ್ಲ, ಅದರ ಹಳದಿ ಬಣ್ಣ ಕಂಡರೆ ಉಳಿದವರು ಹಿಡಿದು ಮಣ್ಣಿನಲ್ಲಿ ಹೊರಳಾಡಿಸುವರು. ಕೆಲವರು ತಾವೇ ಬೇಲಿಸಾಲಿನ ಇಳಿಜಾರಿನಲ್ಲಿ ಜಾರಿ ಜಾರಿ ಅದನ್ನು ಹಳತು ಮಾಡಿಕೊಳ್ಳುವರು. ತಿಂದ ಕೈ ತೊಡೆಗೆ, ಸೇಬು ಕೊಯ್ದ ಚಾಕು ತೊಡೆಗೆ. ಜಿಡ್ಡು ಕೂತು ಕೂತು ಕನ್ನಡಿಯಂತಾದರೆ ಅದೇ ದೊಡ್ಡಸ್ತಿಕೆ. ಅಣ್ಣನಿಗೆ ಗಿಡ್ಡವಾದದ್ದು ತಮ್ಮನಿಗೆ. ಹದಿನಾಲ್ಕು ತುಂಬಿ ಉದ್ದದ ಪ್ಯಾಂಟು ಬಂದ ದಿನ ಹುಡುಗನ ಚಡ್ಡಿಗಾಲ ಮುಗಿದಂತೆ.

ನಮ್ಮ ಕಡೆಯೂ ಚಡ್ಡಿಯಿಂದ ಪ್ಯಾಂಟಿಗೆ ದಾಟುವುದೇ ಒಂದು ಉಪನಯನ ಎಂದು ನಾನು ನಕ್ಕೆ. ಅವನು ನಗಲಿಲ್ಲ.

"ಇದು ನನ್ನ ಅಣ್ಣನದು," ಎಂದ. "ಸೆಪ್. ಹನ್ನೆರಡು ವರ್ಷದವನಿದ್ದಾಗ ಜ್ವರ ಬಂದು ಹೋದ. ಆ ಚಳಿಗಾಲವೆಲ್ಲ ಇದು ಗೂಟದಲ್ಲಿ ತೂಗುತ್ತಿತ್ತು. ವಸಂತ ಬಂದಾಗ ಅಮ್ಮ ತೆಗೆದು ನನ್ನ ಕೈಗೆ ಕೊಟ್ಟಳು. ಹಾಕ್ಕೋ ಅಂದಳು, ಬೇರೆ ಮಾತಿಲ್ಲ."

ಎಡತೊಡೆಯ ಮೇಲೆ ಒಂದು ಪಟ್ಟೆ ಉಳಿದುದಕ್ಕಿಂತ ಕಪ್ಪಾಗಿ, ಗಟ್ಟಿಯಾಗಿ ಮಿಂಚುತ್ತಿತ್ತು. ಸೆಪ್ ಎಡಚ. ಚಾಕು, ಬೆಣ್ಣೆ, ಮರದ ಅಂಟು ಎಲ್ಲವನ್ನೂ ಅಲ್ಲಿಯೇ ಒರೆಸಿದ್ದ. ಎರ್ವಿನ್ ಬಲಗೈಯವನು. ವರ್ಷಗಟ್ಟಲೆ ಹಾಕಿಕೊಂಡರೂ ತನ್ನ ಎಡಗೈಯನ್ನು ಆ ಪಟ್ಟೆಯ ಮೇಲೆ ಇಟ್ಟವನಲ್ಲವಂತೆ. ಅಮೆರಿಕಕ್ಕೆ ಹೊರಟಾಗ ತಾಯಿ ಇದನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಟ್ಟಿದ್ದಳು. ಅದಾದ ಮೇಲೆ ಅವನು ಊರಿಗೆ ಹೋಗಲಿಲ್ಲ. ಅಪ್ಪ ಸತ್ತಾಗಲೂ ಹೋಗಲಿಲ್ಲ. ಈಗ ಎಪ್ಪತ್ತು ದಾಟಿದ ತಾಯಿ ಮೊದಲ ಸಲ ವಿಮಾನ ಹತ್ತಿ ಅಕ್ಟೋಬರಿನಲ್ಲಿ ಬರುವವಳಿದ್ದಳು.

"ಅವಳು ಕೊಟ್ಟದ್ದರಲ್ಲಿ ನಾನು ಉಳಿಸಿಕೊಂಡಿರುವುದು ಇದೊಂದೇ," ಎಂದ ಎರ್ವಿನ್. "ಟೋಬಿಯ ಮೈಮೇಲೆ ಇದನ್ನು ನೋಡಬೇಕು ಅವಳು. ಸೆಪ್ ಹೇಗಿದ್ದನೋ ಹಾಗೇ ಇದ್ದಾನೆ ಅನ್ನುವುದನ್ನ ನೋಡಬೇಕು."

ಟೋಬಿ ನನ್ನ ಕುರ್ಚಿಯ ಹಿಂದಿನಿಂದಲೇ ಹೇಳಿದ, "ನಾನು ಹಾಕ್ಕೊಳ್ಳಲ್ಲ. ಅದರಲ್ಲಿ ಯಾರದೋ ವಾಸನೆ ಇದೆ."

ಆಗಸ್ಟಿನಲ್ಲಿ ಮೈಸೂರಿನಿಂದ ನನ್ನ ಅಮ್ಮ ಬಂದಿಳಿದಳು. ಅನು ಹುಟ್ಟಿದಳು. ಅಮ್ಮನ ಪೆಟ್ಟಿಗೆಯಲ್ಲಿ ಸೀರೆಗಳಿಗಿಂತ ಬಾಣಂತನದ ಸಾಮಾನೇ ಹೆಚ್ಚು: ಹರಳೆಣ್ಣೆಯ ಡಬ್ಬಿ, ಸೀಗೆಪುಡಿ, ಬಜೆ, ಶುಂಠಿ, ನನ್ನ ಕಿವಿಗೆ ಕಟ್ಟಲು ಉಣ್ಣೆಯ ಸ್ಕಾರ್ಫು. ಸೆಪ್ಟೆಂಬರಿನ ಸುಡುಬಿಸಿಲಲ್ಲಿ ಕಿವಿಗೆ ಉಣ್ಣೆ ಬಿಗಿದುಕೊಂಡು ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಲಗಿದ್ದೆನೆಂದರೆ ನನ್ನ ಸ್ಥಿತಿ ಊಹಿಸಿಕೊಳ್ಳಿ. ಅಮ್ಮನಿಗೂ ಈ ಊರು ಹಿಡಿಸಲಿಲ್ಲ. ಮಾತಾಡಲು ಜನವಿಲ್ಲ, ಬಾಗಿಲ ಮುಂದೆ ರಂಗೋಲಿ ಇಡಲು ನೆಲವಿಲ್ಲ, ಬಿಸಿಲಲ್ಲಿ ಬಟ್ಟೆ ಹರವಿದರೆ ಅಪಾರ್ಟ್‌ಮೆಂಟಿನ ಮ್ಯಾನೇಜರು ಬಂದು ಆಕ್ಷೇಪಣೆ ಮಾಡುತ್ತಾನೆ. ಅವಳಿಗೆ ಸಮಾಧಾನವಿದ್ದದ್ದು ಎರಡೇ ಕಡೆ, ಮಗುವಿನ ಎಣ್ಣೆನೀರಿನಲ್ಲಿ ಮತ್ತು ಟೋಬಿಗೆ ತಿನ್ನಿಸುವುದರಲ್ಲಿ. ಅಲ್ಲೂ ಒಂದು ರಗಳೆಯಿತ್ತು. ಹುಡುಗ ಎಡಚ.

"ಎಡಗೈಲಿ ತಿನ್ಬೇಡ್ವೋ ಪುಟ್ಟಾ, ಈ ಕೈ, ಈ ಕೈ," ಎಂದು ಕೋಡುಬಳೆಯನ್ನು ಬಲಗೈಗೆ ಬದಲಾಯಿಸುವಳು. ಅವನು ಅವಳು ಅತ್ತ ತಿರುಗಿದ ಕೂಡಲೇ ಮತ್ತೆ ಎಡಗೈಗೆ ಬದಲಾಯಿಸಿಕೊಳ್ಳುವನು. ಇಬ್ಬರೂ ದಣಿದವರಲ್ಲ.

ಸೆಪ್ಟೆಂಬರ್ ಮುಗಿಯುತ್ತಾ ಬಂದಿತ್ತು. ಚಡ್ಡಿಯ ಒಂದು ಭುಜದ ಪಟ್ಟಿ ಕಿತ್ತುಬಂದಿದೆ, ನೀವು ಹೊಲಿಯುತ್ತೀರಲ್ಲ, ತಂದುಕೊಡುತ್ತೇನೆ ಎಂದು ಎರ್ವಿನ್ ಹೇಳಿದ್ದ. ಒಂದು ಬೆಳಗ್ಗೆ ನಾವು ಮಗುವನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಾಗ ಅವನು ಆಫೀಸಿಗೆ ಹೋಗುವ ಅವಸರದಲ್ಲಿ ಬಂದು, ಕಿತ್ತ ಪಟ್ಟಿಯನ್ನು ತೋರಿಸಿ, ಬೆರಳಲ್ಲಿ ಸೂಜಿ ಹಿಡಿದಂತೆ ಮಾಡಿ, ಅಮ್ಮನ ಕೈಗೆ ಕೊಟ್ಟು ಹೋಗಿದ್ದಾನೆ. ಅಮ್ಮನಿಗೆ ಸರಿಯಾಗಿಯೇ ಅರ್ಥವಾಗಿದೆ. ಹೊಲಿಗೆಗೆ ಬಂದ ಬಟ್ಟೆ ಅದು.

ನಾವು ಮನೆಗೆ ಬಂದಾಗ ಮಧ್ಯಾಹ್ನ. ಬಾಗಿಲು ತೆಗೆಯುತ್ತಲೇ ಸೀಗೆಯ ಘಾಟು. ಅವತ್ತು ನನ್ನ ತಲೆಸ್ನಾನದ ದಿನವಲ್ಲ.

"ಬಾ ಇಲ್ಲಿ, ನೋಡು ಬಾ," ಎಂದಳು ಅಮ್ಮ ಬಾತ್‌ರೂಮಿನಿಂದ. ಸೆರಗು ಸೊಂಟಕ್ಕೆ ಸಿಕ್ಕಿಸಿ ಟಬ್ಬು ತಿಕ್ಕುತ್ತಿದ್ದಳು. ಟಬ್ಬಿನ ಸುತ್ತ ಕಪ್ಪು ಜಿಡ್ಡಿನ ಗೆರೆ. "ಜನ್ಮದಲ್ಲಿ ಇಂಥಾ ಕೊಳೆ ನೋಡಿರ್ಲಿಲ್ಲ ಕಣೇ. ಸೋಪಿಗೆ ಬಗ್ಗಲಿಲ್ಲ. ಜಿಡ್ಡಿಗೆ ಸೀಗೆಪುಡಿಗಿಂತ ಇನ್ನೊಂದಿಲ್ಲ ಅಂತ ಬಿಸಿನೀರಲ್ಲಿ ನೆನೆಹಾಕ್ದೆ. ನೀರು ಬದಲಾಯ್ಸಿ ಬದಲಾಯ್ಸಿ ಕೈ ಸೋತುಹೋಯ್ತು. ಹೊಲಿಯೋಕೆ ಕೊಡೋ ಬಟ್ಟೇನ ಒಗೆದು ಕೊಡಬೇಕು ಅನ್ನೋ ಜ್ಞಾನ ಬೇಡ್ವಾ ಆ ಮನುಷ್ಯನಿಗೆ? ಹಸುಗೂಸಿರೋ ಮನೆ!"

ನಾನು ಪ್ಯಾಟಿಯೋಗೆ ಓಡಿದೆ. ಹಲಗೆ ಬೇಲಿಯ ಮೇಲೆ, ನೆತ್ತಿಯ ಬಿಸಿಲಿನಲ್ಲಿ, ಚಡ್ಡಿ ಎರಡೂ ಕಾಲು ಅಗಲಿಸಿಕೊಂಡು ನಿಂತಿತ್ತು. ತೂಗುತ್ತಿರಲಿಲ್ಲ, ನಿಂತಿತ್ತು. ತೆಗೆದು ಬೆರಳಲ್ಲಿ ಬಡಿದರೆ ಮಣೆಯ ಸದ್ದು. ಬಣ್ಣ ಹೊಸ ಬೆಲ್ಲದ್ದು, ಅಲ್ಲಲ್ಲಿ ಬೂದಿ. ಎಡತೊಡೆಯನ್ನು ಬೆಳಕಿಗೆ ತಿರುಗಿಸಿ ನೋಡಿದೆ. ಏನೂ ಇರಲಿಲ್ಲ.

"ಅಮ್ಮಾ, ಇದು ಬಟ್ಟೆಯಲ್ಲ. ಚರ್ಮ."

ಅಮ್ಮ ಬಾಗಿಲಲ್ಲೇ ನಿಂತಳು. "ಚರ್ಮವಾ? ದಪ್ಪ ಕ್ಯಾನ್ವಾಸು ಅಂದ್ಕೊಂಡೆನಲ್ಲೇ, ಮಿಲಿಟ್ರಿಯವರದ್ದು..." ಎಂದವಳು ತನ್ನ ಎರಡು ಕೈಗಳನ್ನೂ ಮೈಯಿಂದ ದೂರ ಹಿಡಿದುಕೊಂಡು ನೇರ ಬಾತ್‌ರೂಮಿಗೆ ಹೋದಳು. ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಲ್ಲೇ ಬಂದು ನನ್ನೆದುರು ಕೂತಳು. "ಈಗ ಹೇಳು. ನಿನ್ನ ಮುಖ ಯಾಕೆ ಹಂಗಾಯ್ತು?"

ಸೆಪ್‌ನ ಕತೆ ಹೇಳಿದೆ. ಗೂಟದಲ್ಲಿ ತೂಗಿದ್ದು, ತಾಯಿ ತೆಗೆದು ಕೊಟ್ಟದ್ದು, ಎಡಗೈಯ ಪಟ್ಟೆ, ಇನ್ನೆರಡು ವಾರಕ್ಕೆ ಆ ತಾಯಿ ಬರುತ್ತಿರುವುದು. ಅಮ್ಮ ಎಲ್ಲವನ್ನೂ ಕೇಳಿದಳು. ನನಗೆ ಸಿಟ್ಟು ಉಕ್ಕಿ ಬಂದು, ಕೊಳೆ ಕಂಡರೆ ಕೈ ಸುಮ್ಮನಿರಲ್ಲ ನಿನಗೆ, ಯಾರದು ಏನು ಅಂತ ಕೇಳೋ ತಾಳ್ಮೆಯೂ ಇಲ್ಲ ಎಂದು ಇನ್ನೂ ಏನೇನೋ ಅಂದೆ. ಅವಳು ಒದ್ದೆ ಕೂದಲನ್ನು ಹಿಂಡಿ ಗಂಟು ಹಾಕಿಕೊಂಡಳು. 

"ಹೆತ್ತವಳು ಬಂದು ಎಲ್ಲೋ ಅಂತ ಕೇಳಿದ್ರೆ ಅವನೇನ್ ತೋರಿಸ್ತಾನೆ?" ಎಂದಳು ಕೊನೆಗೆ.

ಸಂಜೆ ಎರ್ವಿನ್ ಬಂದ. ನಾನು ಏನೇನೋ ಸಮಜಾಯಿಷಿ ಸಿದ್ಧ ಮಾಡಿಟ್ಟುಕೊಂಡಿದ್ದೆ, ಅಮ್ಮ ಗೊತ್ತಿಲ್ಲದೆ ಒಗೆದುಬಿಟ್ಟಳು ಎಂದಷ್ಟೇ ಹೇಳಿ ಚಡ್ಡಿ ಮುಂದಿಟ್ಟೆ. ಅವನು ಚಡ್ಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಎಡತೊಡೆಯ ಮೇಲೆ ಹೆಬ್ಬೆರಳಾಡಿಸಿದ. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. ಥ್ಯಾಂಕ್ಯೂ ಎಂದ, ಟೋಬಿಯನ್ನು ಕರೆದುಕೊಂಡು ಹೋದ. ಮಾರನೆಯ ದಿನದಿಂದ ಟೋಬಿ ಸ್ಕೂಲು ಬಿಟ್ಟ ಮೇಲೆ ನಮ್ಮ ಮನೆಗೆ ಬರಲಿಲ್ಲ. ಅವರ ಮನೆಯ ಟೀವಿಯ ಸದ್ದು ಗೋಡೆಯಾಚೆ ಕೇಳುತ್ತಿತ್ತು. ಅಮ್ಮ ಕೋಡುಬಳೆ ಮಾಡಿ ಡಬ್ಬಿ ತುಂಬಿಸಿ ಸುಮ್ಮನೆ ಮುಚ್ಚಿಟ್ಟಳು. ನಾನು ಬಾಗಿಲಿಗೆ ಹೋಗುವುದು, ಬರುವುದು. ಇವರು, "ಕಾಲಿಗೆ ನೋವಾಗಲ್ವೇನೆ?" ಎಂದು ರೇಗಿಸಿದರೂ ನಿಲ್ಲಲಿಲ್ಲ.

ಅದಾಗಿ ಎರಡು ಮೂರು ದಿನಕ್ಕೆ ಅಮ್ಮ ಹರಳೆಣ್ಣೆಯ ಡಬ್ಬಿ ತೆಗೆದುಕೊಂಡು ಎದ್ದಳು.

"ಎಲ್ಲಿಗೆ?"

"ಅವನ ಮನೆಗೆ. ನಮ್ಮಜ್ಜನ ತೋಟದಲ್ಲಿ ಕಪಿಲೆ ಬಾವಿಯಿತ್ತು. ನೀರೆತ್ತೋ ಚರ್ಮದ ಚೀಲ ಬೇಸಿಗೇಲಿ ಒಣಗಿ ಕಟ್ಟಿಗೆ ಆಗೋದು. ಅದಕ್ಕೆ ಹರಳೆಣ್ಣೆ ತಿಕ್ಕಿ ತಿಕ್ಕಿ ಮೆತ್ತಗೆ ಮಾಡೋರು. ದೂರ ನಿಂತ್ಕೊಂಡು ನೋಡಿದೀನಿ."

"ದೂರ ನಿಂತು ನೋಡಿದ್ದೀಯ. ಈಗ ಮುಟ್ಟಬೇಕಲ್ಲ?"

"ಮುಟ್ಟಿ ಆಗಿದೆಯಲ್ಲೇ," ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು. ಮಗುವನ್ನು ಎತ್ತಿಕೊಂಡು ನಾನೂ ಹಿಂದೆ ಓಡಿದೆ.

ಎರ್ವಿನ್ ಬಾಗಿಲು ತೆಗೆದ. ಅಮ್ಮ ಅವನಿಗೆ ನೇರವಾಗಿ ಕನ್ನಡದಲ್ಲೇ ಹೇಳಿದಳು, "ಕೊಡಪ್ಪ ಅದನ್ನ. ನನ್ನ ಕೈಯಿಂದ ಹಾಳಾಗಿದ್ದು ನನ್ನ ಕೈಯಿಂದ್ಲೇ ಸರಿಯಾಗ್ಬೇಕು."

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವನು ಡಬ್ಬಿಯನ್ನು ನೋಡಿದ, ಅಮ್ಮನನ್ನು ನೋಡಿದ. "ಮೆತ್ತಗಾಗಬಹುದು ಪದ್ಮಾ," ಎಂದ. "ಆದರೆ ಸೆಪ್ ಹೋದ." ಅದನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳುವುದು ನನ್ನಿಂದಾಗಲಿಲ್ಲ, ಅವಳು ಕೇಳಲೂ ಇಲ್ಲ. ಎರ್ವಿನ್ ಒಳಗೆ ಹೋಗಿ ಚಡ್ಡಿ ತಂದು ಕೊಟ್ಟ.

ಆ ವಾರವೆಲ್ಲ ಬಿಸಿಲು ಇಳಿದ ಮೇಲೆ ಅಮ್ಮ ಅವರ ಪ್ಯಾಟಿಯೋದಲ್ಲಿ ಕೂತು ಚರ್ಮಕ್ಕೆ ಎಣ್ಣೆ ಹಚ್ಚಿದಳು. ಮಗುವಿನ ಮೈ ನೀವುವಂತೆಯೇ ಅಂಗೈಯಲ್ಲಿ ನೀವುವುದು, ಮಡಿಸುವುದು, ಬಿಡಿಸುವುದು, ಮತ್ತೆ ನೀವುವುದು. ಮುಗಿಸಿ ಬಂದು ತಲೆಗೆ ನೀರು ಹಾಕಿಕೊಳ್ಳುವಳು. ನೆಗಡಿಯಾಯಿತು, ನಿಲ್ಲಿಸಲಿಲ್ಲ. ನನಗೆ ಎರೆಯಲು ಎಣ್ಣೆ ಸಾಲದಾಯಿತು. "ಬಾಣಂತಿಗಿಂತ ಜರ್ಮನಿ ಚಡ್ಡಿಗೇ ಆರೈಕೆ ಜಾಸ್ತಿ" ಎಂದು ಇವರು ನಕ್ಕರು. ನಮ್ಮ ಮನೆಯಲ್ಲಿ ಅಷ್ಟು ದಿನಗಳ ಮೇಲೆ ಕೇಳಿಸಿದ ನಗು ಅದು.

ಮೊದಲ ದಿನ ಟೋಬಿ ಗಾಜಿನ ಬಾಗಿಲ ಒಳಗಿನಿಂದಲೇ ನೋಡಿದ. ಮಾರನೆಯ ದಿನ ಹೊರಗೆ ಬಂದು ಕೂತ. ಇನ್ನೊಂದು ದಿನ ತಾನೂ ಒಂದು ಕಾಲು ಹಿಡಿದುಕೊಂಡು ನೀವಲು ಶುರುಮಾಡಿದ. ಆಮೇಲೆ ಮೂಗಿನ ಹತ್ತಿರ ತಂದು ಮೂಸಿ, ನನ್ನ ಕಡೆ ತಿರುಗಿ, "ಇಟ್ ಸ್ಮೆಲ್ಸ್ ಲೈಕ್ ದ ಬೇಬಿ," ಎಂದ. ಸುಳ್ಳಲ್ಲ. ಸೀಗೆ, ಹರಳೆಣ್ಣೆ. ಅನುವಿನ ತಲೆ ಮೂಸಿದರೆ ಬರುತ್ತಿದ್ದದ್ದೂ ಅದೇ. ಅವತ್ತು ಸಂಜೆ ಯಾರೂ ಹೇಳದೆ ಅವನಾಗಿಯೇ ಚಡ್ಡಿ ಹಾಕಿಕೊಂಡು ನಮ್ಮ ಮನೆಗೆ ಬಂದ. ಕಿತ್ತ ಪಟ್ಟಿಯನ್ನು ಅವನ ಭುಜದ ಮೇಲೆಯೇ ಅಳೆದು ದಪ್ಪ ಸೂಜಿಯಲ್ಲಿ ಹೊಲಿದುಕೊಟ್ಟೆ. ಬಾಗಿಲ ಹೊರಗೆ ನಿಂತು ನೋಡಿದ ಎರ್ವಿನ್ ಕಣ್ಣು ಬೇರೆ ಕಡೆ ತಿರುಗಿಸಿಕೊಂಡು, "ಅದು ಯಾರದೋ ಹೊಸ ಚಡ್ಡಿ," ಎಂದ.

ಎರ್ವಿನ್ನನ ತಾಯಿ ಬಂದರು. ಟೋಬಿ ಅವರನ್ನು ಓಮಾ ಎನ್ನುತ್ತಿದ್ದ, ಅವರ ಭಾಷೆಯಲ್ಲಿ ಅಜ್ಜಿ. ನಾವೂ ಹಾಗೇ ಕರೆದೆವು. ಎರ್ವಿನ್ ಹೇಳಿದ್ದ ಕತೆಗಳಿಂದ ನಾನು ನೆರಿಗೆಯ ಲಂಗ, ಏಪ್ರನ್ನು, ತಲೆಗೆ ವಸ್ತ್ರ ಕಟ್ಟಿದ ಹ‌ಳ್ಳಿಯ ಮುದುಕಿಯನ್ನು ಕಲ್ಪಿಸಿಕೊಂಡಿದ್ದೆ. ಬಂದವರದ್ದು ತೆಳು ಹಳದಿ ಪಾಲಿಯೆಸ್ಟರ್ ಪ್ಯಾಂಟು, ಬಿಳಿ ಕ್ಯಾನ್ವಾಸ್ ಶೂ, ಕತ್ತರಿಸಿದ ಕೂದಲು. ನಮ್ಮ ಅಮ್ಮ ಸೀರೆಯುಟ್ಟು ಪಕ್ಕದಲ್ಲಿ ನಿಂತರೆ ಹಳ್ಳಿಯಿಂದ ಬಂದವಳು ಅವಳೇ ಅನ್ನಿಸುತ್ತಿತ್ತು.

ಕಾಫಿಗೆ ಕರೆದಿದ್ದರು. ಎರ್ವಿನ್ ಮುಳ್ಳಿನ ಮೇಲೆ ಕೂತಂತೆ ಕೂತಿದ್ದ. ಟೋಬಿ ಒಳಗಿನಿಂದ ಚಡ್ಡಿಯಲ್ಲಿ ಬಂದ. ಓಮಾ ಕಾಫಿಯ ಲೋಟ ಕೆಳಗಿಟ್ಟರು. ಹುಡುಗನನ್ನು ಹತ್ತಿರ ಕರೆದು ಕೈಯನ್ನು ನೇರವಾಗಿ ಅವನ ಎಡತೊಡೆಯ ಮೇಲಿಟ್ಟರು. ಅಲ್ಲಿಯೇ ಇಟ್ಟುಕೊಂಡರು. ಮಗನನ್ನು ನೋಡಿ ಒಂದೇ ಒಂದು ಪ್ರಶ್ನೆ ಕೇಳಿದರು. ಅವನು ನೆಲ ನೋಡಿಕೊಂಡು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅಮ್ಮ ಎದ್ದು ನಿಂತಳು.

"ಪದ್ಮ, ಹೇಳು ಅವ್ರಿಗೆ. ಅವನ ತಪ್ಪಿಲ್ಲ, ಒಗೆದಿದ್ದು ನಾನು ಅಂತ ಹೇಳು."

ಕನ್ನಡದಿಂದ ಇಂಗ್ಲಿಷಿಗೆ ನಾನು, ಇಂಗ್ಲಿಷಿನಿಂದ ಜರ್ಮನ್ನಿಗೆ ಎರ್ವಿನ್.  ಓಮಾ ನಿಧಾನವಾಗಿ ಮಾತಾಡಿದರು, ಎರ್ವಿನ್ ಬಿಟ್ಟು ಬಿಟ್ಟು ಇಂಗ್ಲಿಷಿಗೆ ತಂದ. ಈಗ ಊರಿನಲ್ಲಿ ಹುಡುಗರು ಯಾರೂ ಇದನ್ನು ಹಾಕಿಕೊಳ್ಳುವುದಿಲ್ಲವಂತೆ. ಎಲ್ಲರಿಗೂ ಜೀನ್ಸ್. ಚರ್ಮದ್ದು ಹಬ್ಬದಲ್ಲಿ ಬ್ಯಾಂಡು ಬಾರಿಸುವವರಿಗೆ ಮಾತ್ರ, ಅದೂ ಪ್ರತಿ ವರ್ಷ ಅಂಗಡಿಗೆ ಕೊಟ್ಟು ಶುಚಿ ಮಾಡಿಸಿ, ಇಸ್ತ್ರಿ ಹಾಕಿದಂತೆ. ಹಳೇ ಜಿಡ್ಡಿನದು ಹಾಕಿಕೊಂಡರೆ ನಗುತ್ತಾರಂತೆ.

ಇದನ್ನು ಹೇಳುತ್ತಾ ಹೇಳುತ್ತಾ ಎರ್ವಿನ್ನನ ದನಿ ಸಣ್ಣದಾಯಿತು. ಅವನು ಕಾಪಾಡಿಕೊಂಡಿದ್ದ ಊರು ಅಲ್ಲಿ ಯಾವಾಗಲೋ ಬದಲಾಗಿಹೋಗಿತ್ತು. ನನಗೂ ಅದು ತಟ್ಟಿತು, ಯಾಕೆಂದರೆ ಅಮ್ಮ ಬಂದಿಳಿದ ದಿನವೇ ನಾನು ಮೈಸೂರಿನ ನಮ್ಮ ಬೀದಿಯ ಬಗ್ಗೆ ಕೇಳಿದ ಪ್ರತಿ ಪ್ರಶ್ನೆಗೂ ಅವಳು, "ಅಯ್ಯೋ, ಅದೆಲ್ಲ ಈಗ ಎಲ್ಲಿದೆ?" ಎಂದಿದ್ದಳು.

ಓಮಾ ಕಣ್ಣೊರೆಸಿಕೊಂಡರು. ಕೊನೆಗೆ, "ಇದು ಈಗ ಹೊಸ ಚರ್ಮ," ಎಂದರು. "ಹೊಸದು ಹಾಕಿಕೊಂಡ ಹುಡುಗ ಮನೆಯೊಳಗೆ ಕೂರಬಾರದು. ಇಲ್ಲಿ ಬೆಟ್ಟ ಎಲ್ಲಿದೆ?"

ಶನಿವಾರ ಎಲ್ಲರೂ ಎರ್ವಿನ್ನನ ಸ್ಟೇಷನ್ ವ್ಯಾಗನ್ನಿನಲ್ಲಿ ಸರಟೋಗಾದ ಮೇಲಿನ ಗುಡ್ಡಕ್ಕೆ ಹೋದೆವು. ಬಾಣಂತಿ ಗಾಳಿಗೆ ಹೋಗಬಾರದು ಎಂದು ಅಮ್ಮ ಅವತ್ತು ಅನ್ನಲಿಲ್ಲ, ಸ್ಕಾರ್ಫನ್ನು ಮಾತ್ರ ಇನ್ನೊಂದು ಸುತ್ತು ಬಿಗಿದಳು. ಬೇಸಿಗೆಯಿಡೀ ಒಣಗಿದ ಹುಲ್ಲು ಇಳಿಜಾರಿನ ತುಂಬ ಹಳದಿಯಾಗಿ ಮಲಗಿತ್ತು. ಆ ಊರಿನ ಮಕ್ಕಳು ರಟ್ಟಿನ ಮೇಲೆ ಕೂತು ಅಲ್ಲಿ ಜಾರುತ್ತಿದ್ದರು. ಟೋಬಿಯೂ ಒಂದು ರಟ್ಟು ತಂದಿದ್ದ. ಓಮಾ ಅದನ್ನು ಕಸಿದು ಪಕ್ಕಕ್ಕೆಸೆದು, ಅವನ ಹೆಗಲ ಮೇಲೆ ಕೈಯಿಟ್ಟು ಬರೀ ಚರ್ಮದ ಮೇಲೆ ಕೂರಿಸಿ ತಳ್ಳಿದರು. ಹುಡುಗ ಕಿರುಚಿಕೊಂಡು ಕೆಳಗಿನವರೆಗೂ ಹೋದ. ಮೇಲೆ ಹತ್ತಿ ಬಂದ. ಮತ್ತೆ ಹೋದ. ಧೂಳು, ಹುಲ್ಲು, ಓಕ್ ಮರದ ಒಣಗೆಲೆ, ಎಲ್ಲವೂ ಎಣ್ಣೆ ಚರ್ಮಕ್ಕೆ ಮೆತ್ತಿಕೊಂಡಿತು. ಅಮ್ಮ ಅಷ್ಟು ಕಷ್ಟಪಟ್ಟು ತೆಗೆದ ಕೊಳೆಯನ್ನು ಅವನು ಮತ್ತೆ ಹತ್ತಿಸಿಕೊಳ್ಳುತ್ತಿರುವುದನ್ನು ಅಮ್ಮ ತುಟಿ ಕಚ್ಚಿಕೊಂಡು ನೋಡಿದಳು.

ಎರ್ವಿನ್ ನಮ್ಮ ಜೊತೆ ಕೂರಲಿಲ್ಲ. ದಿಣ್ಣೆಯ ಅಂಚಿನಲ್ಲಿ ಶತಪಥ ಹಾಕುತ್ತಿದ್ದ. ತಾಯಿ ಬೈಯಲಿಲ್ಲ, ನಿಜ. ಆದರೆ ಆ ಕಾಫಿಯ ದಿನದಿಂದ ಅವನ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ. ಸೆಪ್‌ನ ಹೆಸರನ್ನು ಒಂದು ಸಲವೂ ಎತ್ತಿರಲಿಲ್ಲ. ಅದನ್ನು ಅವನು ನನಗೆ ಕಾರು ಹತ್ತುವಾಗ ಹೇಳಿದ್ದ.

ದಣಿದ ಟೋಬಿ ಏದುಸಿರು ಬಿಡುತ್ತಾ ಬಂದು ಜಮಖಾನದ ಅಂಚಿನಲ್ಲಿ ನಿಂತ. ಅಮ್ಮ ಕೋಡುಬಳೆ ಡಬ್ಬಿ ತೆಗೆದಳು. ಅವನು ನಿಂತಲ್ಲಿಂದಲೇ ಎಡಗೈ ಚಾಚಿದ. "ಈ ಕೈಯಲ್ಲ ಪು—" ಎಂದು ಶುರುಮಾಡಿದ ಅಮ್ಮ ಏಕೋ ಅಲ್ಲಿಗೇ ನಿಲ್ಲಿಸಿದಳು. ಹುಡುಗ ಕೋಡುಬಳೆ ಕಡಿದ, ನುಂಗಿದ, ಉಳಿದ ತುಂಡನ್ನೂ ಬಾಯಿಗೆ ಹಾಕಿಕೊಂಡ. ಆಮೇಲೆ ಯಾರೂ ಹೇಳಿಕೊಡದೆ, ಕೆಳಗೆ ದೂರದಲ್ಲಿ ಕಾಣುತ್ತಿದ್ದ ಫ್ರೀವೇ ಕಡೆ ನೋಡುತ್ತಲೇ, ಎಣ್ಣೆಗೈಯನ್ನು ಎಡತೊಡೆಗೆ ಒರೆಸಿಕೊಂಡ. ಮೇಲಿನಿಂದ ಕೆಳಕ್ಕೆ, ಉದ್ದಕ್ಕೆ.

"ಸೆಪ್," ಎಂದರು ಓಮಾ.

ಎರ್ವಿನ್ ನಡೆಯುತ್ತಿದ್ದವನು ನಿಂತ. ಓಮಾ ಅವನ ಕಡೆ ತಿರುಗಿ, ತುಂಬ ಮೆಲ್ಲಗೆ, ಜರ್ಮನ್ನಿನಲ್ಲಿ ಏನೋ ಕೇಳಿದರು. ಇವನು ಎಡಗೈಯವನು ಅಂತ ನನಗೆ ಯಾಕೆ ಬರೆಯಲಿಲ್ಲ ಎಂದು ಕೇಳಿದ್ದಂತೆ.  ಎರ್ವಿನ್ ಬಂದು ತಾಯಿಯ ಪಕ್ಕದಲ್ಲಿ ಕುಸಿದು ಕೂತ. ಅವರು ಅವನ ತಲೆಯನ್ನು ಹಿಡಿದು ತಮ್ಮ ಹೆಗಲಿಗೆ ಎಳೆದುಕೊಂಡರು. ನಲವತ್ತು ದಾಟಿದ ಗಂಡಸು ಹುಲ್ಲಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ. ನನಗೂ ಅಳು ಬಂತು, ಮುಚ್ಚಿಟ್ಟುಕೊಳ್ಳಲಿಲ್ಲ. ಟೋಬಿ ತಾನೇನು ತಪ್ಪು ಮಾಡಿದೆನೋ ಎಂದು ಒಬ್ಬೊಬ್ಬರ ಮುಖವನ್ನೂ ನೋಡುತ್ತಾ, ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡ.

ಅಮ್ಮ ಆ ಕೈಯನ್ನು ಮುಂದಕ್ಕೆ ಎಳೆದುಕೊಂಡಳು. ಡಬ್ಬಿಯಿಂದ ಇನ್ನೊಂದು ಕೋಡುಬಳೆ ತೆಗೆದು, ಎಣ್ಣೆ ಒಸರುವಂಥದ್ದನ್ನೇ ಆರಿಸಿ, ಅವನ ಎಡಗೈಯಲ್ಲೇ ಇಟ್ಟಳು.